ಶಾಲೆ ಮತ್ತು ಠಾಣೆ: ಮಕ್ಕಳ ಸುರಕ್ಷತೆಗೆ ಇಬ್ಬರೂ ಕೂಡಿ ಮಾಡಬೇಕಾದ ಕೆಲಸ

2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಮಕ್ಕಳನ್ನು ಮೈದಾನಕ್ಕೆ ಕರೆತಂದರು, ಬಾಂಬ್ ಪತ್ತೆ ದಳ ಮತ್ತು ಶ್ವಾನದಳ ಬಂದವು, ಸುದ್ದಿ ಕೇಳಿದ ಪೋಷಕರು ಕೆಲಸ ಬಿಟ್ಟು ಓಡಿಬಂದರು. ಕೊನೆಗೆ ಅದು ಹುಸಿ ಎಂದು ತಿಳಿಯಿತು. 2022ರ ಏಪ್ರಿಲ್‌ನಲ್ಲಿ ಹೀಗೇ ಆಗಿತ್ತು, 2025ರ ಜುಲೈನಲ್ಲಿ ಮತ್ತೆ ಆಯಿತು.

ಅಂಥ ಬೆಳಿಗ್ಗೆ ಶಾಲೆಯ ಮುಖ್ಯಸ್ಥರ ಮುಂದೆ ನಿಲ್ಲುವ ಪ್ರಶ್ನೆಗಳು ತೀರಾ ಸಣ್ಣವು. ನಮ್ಮದು ಯಾವ ಠಾಣೆ? ಯಾರಿಗೆ ಫೋನ್ ಮಾಡಬೇಕು? ಹಿಂದಿನ ಗೇಟಿನ ಕೀಲಿ ಯಾರ ಹತ್ತಿರ ಇದೆ? ಮಗುವನ್ನು ಕರೆದೊಯ್ಯಲು ಬಂದವರು ನಿಜವಾಗಿ ಚಿಕ್ಕಪ್ಪನೇ ಹೌದೋ? ಇವಕ್ಕೆ ಉತ್ತರ ಆ ಹೊತ್ತಿನಲ್ಲಿ ಹುಟ್ಟುವುದಿಲ್ಲ. ಏನೂ ನಡೆಯದ ದಿನಗಳಲ್ಲಿ ಹೆಡ್‌ಮಾಸ್ಟರು ಮತ್ತು ಠಾಣಾಧಿಕಾರಿ ಎದುರುಬದುರು ಕೂತು ಬರೆದಿಟ್ಟಿರಬೇಕು. ಕರ್ನಾಟಕದ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳು ಇದನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ.

ಜೂನ್ ಮೊದಲ ಎರಡು ವಾರ: ಪರಿಚಯ ಮತ್ತು ಒಂದು ಹಾಳೆ

ಶಾಲೆ ಶುರುವಾದ ಮೊದಲ ಹದಿನೈದು ದಿನದೊಳಗೆ ಮುಖ್ಯ ಶಿಕ್ಷಕರು ಠಾಣೆಗೆ ಹೋಗಿ ಬರಲಿ. ಜೊತೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಅಧ್ಯಕ್ಷರೋ ಆಡಳಿತ ಮಂಡಳಿಯವರೊಬ್ಬರೋ ಇರಲಿ. ಅಲ್ಲಿ ಪರಿಚಯವಾಗಬೇಕಾದವರು ಮೂವರು. ಮೊದಲನೆಯವರು ಠಾಣಾಧಿಕಾರಿ, ಅಂದರೆ ಇನ್‌ಸ್ಪೆಕ್ಟರ್ ಅಥವಾ ಪಿಎಸ್‌ಐ. ಎರಡನೆಯವರು ಶಾಲೆ ಇರುವ ಬೀಟಿನ ಸಿಬ್ಬಂದಿ. ಮೂರನೆಯವರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ. 2015ರ ಬಾಲ ನ್ಯಾಯ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಈ ಹೊಣೆ ಹೊತ್ತಿರಬೇಕು. ಎಷ್ಟೋ ಶಾಲೆಗಳಿಗೆ ಇಂಥವರೊಬ್ಬರು ಇದ್ದಾರೆ ಎಂಬುದೇ ಗೊತ್ತಿಲ್ಲ. ಹೆಸರು ಕೇಳಿ ಬರೆದುಕೊಳ್ಳಿ. ನಗರಗಳಲ್ಲಿ ಸಂಚಾರ ಠಾಣೆ ಬೇರೆಯೇ ಇರುತ್ತದೆ, ಅಲ್ಲಿಗೂ ಒಮ್ಮೆ ಹೋಗಬೇಕು.

ಹೋಗುವಾಗ ಒಂದು ಹಾಳೆ ಸಿದ್ಧವಾಗಿರಲಿ. ಅದರ ಒಂದು ಮಗ್ಗುಲಲ್ಲಿ ಶಾಲೆಯ ಕೈನಕ್ಷೆ: ಗೇಟುಗಳು, ಮೆಟ್ಟಿಲುಗಳು, ಮೈನ್ ಸ್ವಿಚ್, ಬಿಸಿಯೂಟದ ಗ್ಯಾಸ್ ಸಿಲಿಂಡರ್ ಇಡುವ ಜಾಗ, ಪ್ರಯೋಗಾಲಯ, ನೀರಿನ ಸಂಪು, ಸಿಸಿಟಿವಿ ರೆಕಾರ್ಡರ್ ಇರುವ ಕೋಣೆ. ಇನ್ನೊಂದು ಮಗ್ಗುಲಲ್ಲಿ ತರಗತಿವಾರು ಮಕ್ಕಳ ಸಂಖ್ಯೆ, ನಡೆಯಲು, ನೋಡಲು, ಕೇಳಲು ತೊಂದರೆ ಇರುವ ಮಕ್ಕಳು ಯಾವ ಕೋಣೆಯಲ್ಲಿದ್ದಾರೆ ಎಂಬ ವಿವರ, ಕೀಲಿ ಇಟ್ಟುಕೊಂಡವರು, ಫೋನ್ ಎತ್ತಬೇಕಾದ ಮೂವರ ನಂಬರ್. ಮೂವರು ಏಕೆಂದರೆ, ಒಬ್ಬರು ರಜೆಯಲ್ಲಿರುತ್ತಾರೆ, ಇನ್ನೊಬ್ಬರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೀಟಿಂಗಿನಲ್ಲಿರುತ್ತಾರೆ.

ಹಾಳೆಯ ಒಂದು ಪ್ರತಿ ಠಾಣೆಗೆ, ಒಂದು ಮುಖ್ಯ ಶಿಕ್ಷಕರ ಕೋಣೆಗೆ, ಒಂದು ಗೇಟಿಗೆ. ನಾಲ್ಕನೆಯದನ್ನು ಶಾಲೆಯ ಹೊರಗೆ, ಎದುರಿನ ಮನೆಯಲ್ಲೋ ಪಂಚಾಯಿತಿಯಲ್ಲೋ ಇಡಿ. ಕಟ್ಟಡ ಖಾಲಿ ಮಾಡಿಸಿದ ಮೇಲೆ ಒಳಗಿನ ಪ್ರತಿಗಳು ಯಾರ ಉಪಯೋಗಕ್ಕೂ ಬರುವುದಿಲ್ಲ. ಠಾಣೆಗೆ ಕೊಟ್ಟ ಪತ್ರಕ್ಕೆ ಸೀಲು ಹಾಕಿದ ಸ್ವೀಕೃತಿ ಪಡೆಯಿರಿ.

ಈ ಏರ್ಪಾಡು ಕೆಡುವುದಕ್ಕೆ ದೊಡ್ಡ ಕಾರಣ ವರ್ಗಾವಣೆ. ಪಿಎಸ್‌ಐ ಬದಲಾಗುತ್ತಾರೆ, ಹೆಡ್‌ಮಾಸ್ಟರೂ ಬದಲಾಗುತ್ತಾರೆ, ಹಳೆಯ ಪರಿಚಯ ಅವರ ಜೊತೆಗೇ ಹೋಗುತ್ತದೆ. ಆದ್ದರಿಂದ ಹಾಳೆಯಲ್ಲಿ ಹುದ್ದೆ ಮೊದಲು, ಹೆಸರು ಆಮೇಲೆ. ಚಾರ್ಜ್ ಕೊಡುವಾಗ ಒಪ್ಪಿಸುವ ದಾಖಲೆಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿ.

ಪೊಲೀಸರಿಗೆ ಒಪ್ಪಿಸಬಾರದ ಕೆಲಸಗಳು

ತಡವಾಗಿ ಬರುವುದು, ಹೋಂವರ್ಕ್ ಮಾಡದಿರುವುದು, ಎದುರುತ್ತರ ಕೊಡುವುದು, ತರಗತಿಯ ಸಣ್ಣ ಜಗಳ ಇವೆಲ್ಲ ಶಾಲೆಯ ಕೆಲಸ. "ಪೊಲೀಸರನ್ನು ಕರೆಸುತ್ತೇನೆ" ಎಂದು ಮಗುವನ್ನು ಹೆದರಿಸುವ ಶಿಕ್ಷಕರು ದೊಡ್ಡ ಹಾನಿ ಮಾಡುತ್ತಾರೆ. ನಾಳೆ ಆ ಮಗುವಿಗೆ ನಿಜವಾದ ತೊಂದರೆ ಬಂದಾಗ ಅದು ಪೊಲೀಸರ ಹತ್ತಿರ ಹೋಗುವುದಿಲ್ಲ.

ಮಗು ನಿಜವಾಗಿ ತಪ್ಪು ಮಾಡಿದ್ದರೂ ಕಾನೂನಿನ ದಾರಿ ಬೇರೆ. ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ, 18 ವರ್ಷದೊಳಗಿನವರ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ ತಯಾರಿಸುತ್ತಾರೆ. ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. ಪೊಲೀಸರು ವಿದ್ಯಾರ್ಥಿಯನ್ನು ಮಾತಾಡಿಸಲು ಶಾಲೆಗೆ ಬಂದರೆ ಏನು ಮಾಡಬೇಕು ಎಂಬುದನ್ನು ಜೂನ್ ಭೇಟಿಯಲ್ಲೇ ಮಾತಾಡಿಕೊಳ್ಳಿ: ಸಮವಸ್ತ್ರವಿಲ್ಲದೆ ಬರಲಿ, ಪೋಷಕರಿಗೆ ಮೊದಲು ತಿಳಿಸಲಿ, ತರಗತಿಯಿಂದ ಎಲ್ಲರೆದುರು ಎಬ್ಬಿಸಿಕೊಂಡು ಹೋಗದಿರಲಿ, ಮಗು ನಂಬುವ ಒಬ್ಬ ಶಿಕ್ಷಕರು ಜೊತೆಗಿರಲಿ.

ಸಿಬ್ಬಂದಿಯ ಪರಿಶೀಲನೆ

ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾನೂನಿನ 2020ರ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಮಕ್ಕಳೊಂದಿಗೆ ನಿತ್ಯ ಸಂಪರ್ಕವಿರುವ ಸಂಸ್ಥೆಗಳು ಬೋಧಕ, ಬೋಧಕೇತರ, ಕಾಯಂ, ಗುತ್ತಿಗೆ ಎಂಬ ಭೇದವಿಲ್ಲದೆ ಎಲ್ಲರ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕು. ಶಾಲೆಗಳು ಎಡವುವುದು 'ಎಲ್ಲರ' ಎಂಬ ಮಾತಿನಲ್ಲಿ. ಶಿಕ್ಷಕರ ದಾಖಲೆ ಇರುತ್ತದೆ. ಏಜೆನ್ಸಿ ಕಳಿಸಿದ ಗಾರ್ಡ್, ಬದಲಿ ಡ್ರೈವರ್, ಶನಿವಾರ ಮಾತ್ರ ಬರುವ ಕರಾಟೆ ಮಾಸ್ತರು, ಬೇಸಿಗೆಯಲ್ಲಿ ಬಣ್ಣ ಬಳಿಯಲು ಬಂದವರು ಇವರದ್ದು ಇರುವುದಿಲ್ಲ. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬಹುದು. ವರದಿ ಬರುವವರೆಗೆ ಹೊಸಬರನ್ನು ಮಕ್ಕಳ ಜೊತೆ ಒಂಟಿಯಾಗಿ ಬಿಡಬೇಡಿ.

ಪರಿಶೀಲನೆಯಲ್ಲಿ 'ಪ್ರಕರಣವಿಲ್ಲ' ಎಂದು ಬಂದರೆ ಅದರರ್ಥ ಪೊಲೀಸ್ ದಾಖಲೆಯಲ್ಲಿ ಏನೂ ಇಲ್ಲ ಎಂದಷ್ಟೇ. ಹಿಂದೆ ಕೆಲಸ ಮಾಡಿದ ಶಾಲೆಗೆ ಫೋನ್ ಮಾಡಿ, ಬಿಟ್ಟ ಕಾರಣ ಕೇಳುವ ಕೆಲಸ ನಿಮ್ಮದೇ.

ಗೇಟಿನಿಂದ ರಸ್ತೆಯವರೆಗೆ

ನಿತ್ಯವೂ ಮಕ್ಕಳ ಮೈಮೇಲೆ ಬರುವ ಅಪಾಯ ಬಾಂಬಲ್ಲ, ವಾಹನ. ಬೆಳಿಗ್ಗೆ ಮತ್ತು ಸಂಜೆಯ ಇಪ್ಪತ್ತು ನಿಮಿಷ ಗೇಟಿನೆದುರು ನಿಂತು ನೋಡಿ: ವ್ಯಾನು, ಆಟೊ, ಸ್ಕೂಟರಿನಲ್ಲಿ ಬಂದ ತಾಯಿ, ನಡೆದು ಬಂದ ಮಗು ಎಲ್ಲ ಒಂದೇ ಜಾಗದಲ್ಲಿ. ಸಂಚಾರ ಪಿಎಸ್‌ಐ ಅವರನ್ನು ಒಂದು ದಿನ ಅದೇ ಹೊತ್ತಿಗೆ ಕರೆದು ತೋರಿಸಿ. ಠಾಣೆಯಲ್ಲಿ ಕೂತು ವಿವರಿಸುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ. ತರಗತಿ ಬಿಡುವ ಹೊತ್ತನ್ನು ಹತ್ತು ನಿಮಿಷದ ಅಂತರದಲ್ಲಿ ಎರಡು ಗುಂಪು ಮಾಡುವುದು, ನಡೆದು ಬರುವವರಿಗೆ ಬೇರೆ ಗೇಟು, ಶಾಲೆಯ ಮುಂದೆ ಪಾರ್ಕಿಂಗ್ ನಿಷೇಧದ ಫಲಕ, ಜೀಬ್ರಾ ಪಟ್ಟೆ ಇವು ಅಲ್ಲೇ ತೀರ್ಮಾನವಾಗಬಹುದು. ಹಂಪು ಹಾಕಿಸಲು ಮಾತ್ರ ರಸ್ತೆಯ ಒಡೆತನ ಇರುವ ಇಲಾಖೆಗೆ ಅರ್ಜಿ ಹೋಗಬೇಕು. ಪೊಲೀಸರ ಶಿಫಾರಸು ಪತ್ರ ಲಗತ್ತಿಸಿ.

ಶಾಲಾ ಬಸ್ಸುಗಳ ಬಗ್ಗೆ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ: ವೇಗ ಗಂಟೆಗೆ 40 ಕಿ.ಮೀ. ದಾಟದಂತೆ ಸ್ಪೀಡ್ ಗವರ್ನರ್, ಚಾಲಕನಿಗೆ ಭಾರಿ ವಾಹನ ಓಡಿಸಿದ ಕನಿಷ್ಠ 5 ವರ್ಷದ ಅನುಭವ. ಅತಿವೇಗಕ್ಕೋ ಕುಡಿದು ಓಡಿಸಿದ್ದಕ್ಕೋ ಒಮ್ಮೆ ದಂಡ ಕಟ್ಟಿದವರನ್ನೂ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ವರ್ಷಕ್ಕೆರಡು ಸಲ ಎಲ್ಲ ಚಾಲಕರ ಡಿಎಲ್ ನಂಬರ್ ಪಟ್ಟಿಯನ್ನು ಸಂಚಾರ ಠಾಣೆಗೆ ಕೊಟ್ಟು ಪ್ರಕರಣಗಳಿವೆಯೇ ಎಂದು ಕೇಳಿ. ಹೈಸ್ಕೂಲು ಮಕ್ಕಳು ಸ್ಕೂಟರ್ ತಂದರೆ ಪೋಷಕರಿಗೆ ಕಾನೂನು ತಿಳಿಸಿ: ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್‌ನಡಿ ವಾಹನದ ಮಾಲೀಕರಿಗೆ ಅಥವಾ ಪಾಲಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಗೇಟಿನ ಸುತ್ತಲ ಅಂಗಡಿಗಳನ್ನೂ ಗಮನಿಸಿ. ಶಾಲೆಯಿಂದ 100 ಗಜದೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರುವಂತಿಲ್ಲ ಎಂದು 2003ರ ತಂಬಾಕು ನಿಯಂತ್ರಣ ಕಾಯ್ದೆ (ಕೋಟ್ಪಾ) ಹೇಳುತ್ತದೆ. ಮಕ್ಕಳಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್‌ನಡಿ 7 ವರ್ಷದವರೆಗೆ ಶಿಕ್ಷೆ ಇದೆ. "ಅಲ್ಲೆಲ್ಲೋ ಮಾರುತ್ತಾರೆ" ಎಂದರೆ ಪೊಲೀಸರು ಏನೂ ಮಾಡಲಾರರು. ಅಂಗಡಿ, ಹೊತ್ತು, ಎಂಥ ಪೊಟ್ಟಣ ಎಂದು ಬರೆದು ಕೊಡಿ. ಹೇಳಿದ ವಿದ್ಯಾರ್ಥಿಯ ಹೆಸರು ಮಾತ್ರ ಆ ಪತ್ರದಲ್ಲಿ ಬೇಡ.

ರಾತ್ರಿಯ ಶಾಲೆ

ಹಳ್ಳಿಯ ಸರ್ಕಾರಿ ಶಾಲೆಗಳ ಗೋಳು ಬೇರೆ. ಕಾಂಪೌಂಡ್ ಅರ್ಧ ಬಿದ್ದಿರುತ್ತದೆ. ಸೋಮವಾರ ಬೆಳಿಗ್ಗೆ ಜಗುಲಿಯ ಮೇಲೆ ಒಡೆದ ಬಾಟಲಿ, ಇಸ್ಪೀಟಿನ ಎಲೆ, ಕಡ್ಡಿಪೊಟ್ಟಣ. ಒಂದನೇ ತರಗತಿಯ ಮಕ್ಕಳು ಬರಿಗಾಲಲ್ಲಿ ಅಲ್ಲೇ ಪ್ರಾರ್ಥನೆಗೆ ನಿಲ್ಲಬೇಕು. ಶಿಕ್ಷಕರು ಗುಡಿಸಿ ಸುಮ್ಮನಾಗುತ್ತಾರೆ. ಗುಡಿಸುವ ಮುನ್ನ ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ. ಮೂರು ವಾರದ ಫೋಟೊ ಇಟ್ಟು ಎಸ್‌ಡಿಎಂಸಿ ನಿರ್ಣಯದೊಂದಿಗೆ ಠಾಣೆಗೆ ಅರ್ಜಿ ಕೊಟ್ಟು ಹಿಂಬರಹ ಪಡೆಯಿರಿ. ಶಾಲೆಯನ್ನು ರಾತ್ರಿ ಗಸ್ತಿನ ಪಟ್ಟಿಗೆ ಸೇರಿಸಿ, ಗಸ್ತಿನವರು ಸಹಿ ಹಾಕುವ ಪುಸ್ತಕವನ್ನು ಶಾಲೆಯ ಗೋಡೆಯಲ್ಲೇ ಇಡಿ ಎಂದು ಕೇಳಿ. ಯಾವ ದಿನದ ರಾತ್ರಿ ಎಂಬುದನ್ನು ಫೋಟೊಗಳೇ ಹೇಳುವುದರಿಂದ ಪೊಲೀಸರು ಸರಿಯಾದ ದಿನ ಬರುತ್ತಾರೆ. ಪಂಚಾಯಿತಿಯಿಂದ ಒಂದು ಬೀದಿದೀಪ ಹಾಕಿಸಿದರೆ ಅರ್ಧ ಕೆಲಸ ಮುಗಿದಂತೆ. ದಸರಾ ಮತ್ತು ಬೇಸಿಗೆ ರಜೆಗೆ ಮುಂಚೆ ರಜೆಯ ದಿನಾಂಕಗಳನ್ನೂ, ಒಳಗಿರುವ ಕಂಪ್ಯೂಟರ್, ಅಕ್ಕಿ ಮೂಟೆಯ ಲೆಕ್ಕವನ್ನೂ ಠಾಣೆಗೆ ತಿಳಿಸಿ.

ಬೆದರಿಕೆ ಬಂದಾಗ

ಇಮೇಲ್ ನೋಡಿದವರು ಅದನ್ನು ಅಳಿಸಬಾರದು, ಫಾರ್ವರ್ಡ್ ಮಾಡಬಾರದು, ಪೋಷಕರ ವಾಟ್ಸ್‌ಆ್ಯಪ್ ಗುಂಪಿಗಂತೂ ಹಾಕಲೇಬಾರದು. ಸೈಬರ್ ಪೊಲೀಸರಿಗೆ ಬೇಕಾದ ಜಾಡು ಮೂಲ ಮೇಲ್‌ನ ಹೆಡರ್‌ನಲ್ಲಿ, ಅಂದರೆ ಮೇಲ್ ಎಲ್ಲಿಂದ ಹೇಗೆ ಬಂತು ಎಂಬ ದತ್ತಾಂಶದಲ್ಲಿರುತ್ತದೆ, ಸ್ಕ್ರೀನ್‌ಶಾಟಿನಲ್ಲಿ ಅಲ್ಲ. ಶಾಲೆಯ ಮೇಲ್ ಬೆಳಿಗ್ಗೆ ಯಾರು, ಎಷ್ಟು ಗಂಟೆಗೆ ತೆರೆಯುತ್ತಾರೆ ಎಂಬುದೂ ನಿಗದಿಯಾಗಿರಲಿ. ಮಧ್ಯರಾತ್ರಿ ಬಂದ ಬೆದರಿಕೆಯನ್ನು ಹತ್ತು ಗಂಟೆಗೆ, ಮಕ್ಕಳೆಲ್ಲ ಒಳಗೆ ಕೂತ ಮೇಲೆ ನೋಡಿದರೆ ಕಷ್ಟ. ಫೋನಿನಲ್ಲಿ ಬಂದರೆ ಆಡಿದ ಮಾತನ್ನು ಆಡಿದಂತೆಯೇ ಬರೆಯಿರಿ, ಹಿಂದೆ ಕೇಳಿದ ಸದ್ದನ್ನೂ ಸೇರಿಸಿ.

ಮೊದಲ ಕರೆ ತುರ್ತು ಸಹಾಯದ 112ಕ್ಕೆ, ಎರಡನೆಯದು ಠಾಣಾಧಿಕಾರಿಗೆ. ಶಾಲೆಯ ಹೆಸರಿನ ಜೊತೆ ಹತ್ತಿರದ ಗುರುತು ಹೇಳಿ; ಒಂದೇ ಹೆಸರಿನ ಶಾಖೆಗಳು ನಗರದಲ್ಲಿ ನಾಲ್ಕಾರು ಇರುತ್ತವೆ, ವಾಹನ ಬೇರೆ ಶಾಖೆಗೆ ಹೋಗಿಬಿಡಬಹುದು.

ಪೊಲೀಸರು ಬರುವವರೆಗೆ ಕಟ್ಟಡ ಖಾಲಿ ಮಾಡಿಸುವ ತೀರ್ಮಾನ ಶಾಲೆಯ ಮುಖ್ಯಸ್ಥರದ್ದು. ಬಂದ ಮೇಲೆ ಸ್ಥಳದಲ್ಲಿರುವ ಹಿರಿಯ ಅಧಿಕಾರಿಯದ್ದು. ಇಬ್ಬರೂ ಆದೇಶ ಕೊಡುತ್ತಾ ನಿಂತರೆ ಮಕ್ಕಳು ಮೆಟ್ಟಿಲ ಮೇಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ಬೆಂಕಿಯ ಅಣಕು ಅಭ್ಯಾಸಕ್ಕೂ ಇದಕ್ಕೂ ಮೂರು ವ್ಯತ್ಯಾಸಗಳಿವೆ. ಬೆಂಕಿಯಲ್ಲಿ ಬಾಗಿಲು ಮುಚ್ಚುತ್ತೇವೆ, ಇಲ್ಲಿ ಬಾಗಿಲು ಕಿಟಕಿ ತೆರೆದೇ ಬಿಡಬೇಕು. ಬೆಂಕಿಯಲ್ಲಿ ಬ್ಯಾಗ್ ಬಿಟ್ಟು ಓಡುತ್ತೇವೆ. ಇಲ್ಲಿ ಸಾವಿರ ಮಕ್ಕಳು ಬ್ಯಾಗ್ ಬಿಟ್ಟು ಹೋದರೆ ಸಾವಿರ ಬ್ಯಾಗನ್ನೂ ಪರೀಕ್ಷಿಸಬೇಕಾಗುತ್ತದೆ. ಆದ್ದರಿಂದ ಕೈಗೆಟುಕುವ ಸ್ವಂತ ಬ್ಯಾಗನ್ನು ತೆಗೆದುಕೊಂಡು ಹೋಗಬೇಕೇ ಬೇಡವೇ ಎಂಬುದನ್ನು ನಿಮ್ಮ ಠಾಣೆಯ ಜೊತೆ ಮೊದಲೇ ಮಾತಾಡಿಡಿ. ಮೂರನೆಯದು, ಸೇರುವ ಜಾಗ. ಅದು ಕಟ್ಟಡದಿಂದ ಕನಿಷ್ಠ 100 ಮೀಟರ್ ದೂರವಿರಬೇಕು, ವಾಹನ ನಿಲ್ಲಿಸುವ ಜಾಗದ ಪಕ್ಕ ಇರಬಾರದು. ನಿಮ್ಮ ಮೈದಾನ ಅಷ್ಟು ದೊಡ್ಡದಿಲ್ಲದಿದ್ದರೆ ಹತ್ತಿರದ ಕಲ್ಯಾಣ ಮಂಟಪ ಅಥವಾ ಇನ್ನೊಂದು ಶಾಲೆಯೊಂದಿಗೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ.

ಹೊರಡುವಾಗ ಪ್ರತಿ ಶಿಕ್ಷಕರೂ ತಮ್ಮ ಕೋಣೆಯ ಮೇಲೆ ಒಂದು ಕಣ್ಣು ಹಾಯಿಸಲಿ: ನಿನ್ನೆ ಇಲ್ಲದ್ದು ಇವತ್ತು ಇದೆಯೇ? ಬಾಂಬ್ ಪತ್ತೆ ದಳದವರಿಗೆ ಯಾವ ಡಬ್ಬಿ ವಿಜ್ಞಾನ ಪ್ರದರ್ಶನದ್ದು, ಯಾವುದು ಹೊಸದು ಎಂದು ತಿಳಿಯುವುದಿಲ್ಲ, ಆಯಾಗೆ ತಿಳಿಯುತ್ತದೆ. ಅನುಮಾನದ ವಸ್ತು ಕಂಡರೆ ಮುಟ್ಟಬೇಡಿ, ಸರಿಸಬೇಡಿ, ಅದರ ಹತ್ತಿರ ಮೊಬೈಲ್ ಬಳಸಬೇಡಿ. ಜಾಗದ ಗುರುತು ಹೇಳಿ ದೂರ ಬನ್ನಿ. ಹಾಜರಿ ಪುಸ್ತಕ ಕೈಯಲ್ಲಿರಲಿ, ಮೈದಾನದಲ್ಲಿ ಹೆಸರು ಕೂಗಿ ಎಣಿಸಿ. ಶೌಚಾಲಯ, ಗ್ರಂಥಾಲಯ, ಆಟದ ಪೀರಿಯಡ್ಡಿನ ಮಕ್ಕಳು ಲೆಕ್ಕದಿಂದ ತಪ್ಪುವುದು ಹೆಚ್ಚು.

ಪೋಷಕರಿಗೆ ಮೊದಲ ಸುದ್ದಿ ಶಾಲೆಯಿಂದಲೇ ಹೋಗಬೇಕು, ಟಿವಿಯಿಂದಲ್ಲ. ಸಂದೇಶ ಮೊದಲೇ ಬರೆದಿಟ್ಟು ಠಾಣೆಗೂ ತೋರಿಸಿರಿ: "ಶಾಲೆಗೆ ಒಂದು ಬೆದರಿಕೆ ಬಂದಿದೆ. ಎಲ್ಲ ಮಕ್ಕಳೂ ಸುರಕ್ಷಿತವಾಗಿ ಇಂಥ ಜಾಗದಲ್ಲಿದ್ದಾರೆ. ಪೊಲೀಸರು ಪರಿಶೀಲಿಸುತ್ತಿದ್ದಾರೆ. ಕರೆದೊಯ್ಯಲು ಇಂಥ ಗೇಟಿಗೆ ಇಷ್ಟು ಗಂಟೆಗೆ ಗುರುತಿನ ಚೀಟಿಯೊಂದಿಗೆ ಬನ್ನಿ." ಮಗುವನ್ನು ಒಪ್ಪಿಸುವ ಗೇಟು ತುರ್ತು ವಾಹನ ಬರುವ ಗೇಟು ಆಗಿರಬಾರದು. ವಾಹನಗಳನ್ನು ಎರಡು ಬೀದಿ ಆಚೆಯೇ ನಿಲ್ಲಿಸುವ ಕೆಲಸ ಸಂಚಾರ ಪೊಲೀಸರದ್ದು. ಪ್ರತಿ ಮಗುವಿಗೂ ಕರೆದೊಯ್ಯಬಹುದಾದ ಇಬ್ಬರ ಹೆಸರು, ಫೋಟೊ ದಾಖಲೆಯಲ್ಲಿರಲಿ. ಒಪ್ಪಿಸುವಾಗ ಸಹಿ, ಸಮಯ. ಸಾಲು ನಿಧಾನವಾಗುತ್ತದೆ, ಕೂಗಾಟವೂ ಆಗುತ್ತದೆ. ಆದರೂ ಈ ಸಹಿಯನ್ನು ಬಿಡಬೇಡಿ. ಕಟ್ಟಡಕ್ಕೆ ಮರಳಿ ಹೋಗಬಹುದು ಎಂದು ಪೊಲೀಸರು ಹೇಳುವವರೆಗೆ ಟಿಫನ್ ಡಬ್ಬಿ ತರಲೂ ಯಾರೂ ಒಳಗೆ ಹೋಗುವಂತಿಲ್ಲ.

ಹುಸಿ ಬೆದರಿಕೆ ಮೂರನೇ ಸಲ ಬಂದಾಗ "ಇದೂ ಸುಳ್ಳೇ" ಎನಿಸುವುದು ಸಹಜ. ಅದನ್ನು ತೀರ್ಮಾನಿಸುವ ಅಧಿಕಾರ ಶಾಲೆಗಿಲ್ಲ. ಪ್ರತಿ ಸಲವೂ ಕರೆ ಹೋಗಬೇಕು.

ಮಗು ಬಂದು ಹೇಳಿದಾಗ

ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲೇ. ಲೈಂಗಿಕ ದೌರ್ಜನ್ಯದ ವಿಷಯವನ್ನು ಮಗು ಒಬ್ಬ ಟೀಚರಿಗೆ ಹೇಳುತ್ತದೆ. ಟೀಚರ್ ಹೆಡ್‌ಮಿಸ್ಟ್ರೆಸ್ ಹತ್ತಿರ ಕರೆದೊಯ್ಯುತ್ತಾರೆ, ಅಲ್ಲಿ ಮತ್ತೆ ಹೇಳಿಸುತ್ತಾರೆ. ಆಡಳಿತ ಮಂಡಳಿಯ ಮುಂದೆ ಮೂರನೇ ಸಲ. "ನಾವೇ ಮೊದಲು ವಿಚಾರಣೆ ಮಾಡಿ ನೋಡೋಣ" ಎಂದು ಎರಡು ದಿನ ಕಳೆಯುತ್ತದೆ. ಅಷ್ಟರಲ್ಲಿ ಆರೋಪಿಗೆ ವಿಷಯ ಗೊತ್ತಾಗುತ್ತದೆ, ಸಾಕ್ಷ್ಯ ಅಳಿಯುತ್ತದೆ, ಮಗು ಮಾತು ನಿಲ್ಲಿಸುತ್ತದೆ.

2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು, ಬಲವಾದ ಶಂಕೆ ಇರುವವರೂ, ಸ್ಥಳೀಯ ಠಾಣೆಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು, ದಂಡ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ಶಾಲೆ ಸಾಬೀತು ಮಾಡಬೇಕಿಲ್ಲ, ತಿಳಿಸಬೇಕು ಅಷ್ಟೇ.

ಮಾಡುವುದು ಹೀಗೆ. ಮೊದಲು ಕೇಳಿಸಿಕೊಂಡವರೇ ಪೂರ್ತಿ ಕೇಳಿಸಿಕೊಳ್ಳಲಿ. "ಆಮೇಲೆ ಏನಾಯಿತು?" ಎನ್ನಬಹುದು, "ಅವರು ಹೀಗೆ ಮಾಡಿದರಾ?" ಎಂದು ಬಾಯಿಗೆ ಮಾತು ತುರುಕಬಾರದು. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ; "ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ" ಎನ್ನಿ. ಮಗು ಬಳಸಿದ ಪದಗಳಲ್ಲೇ, ಮನೆಮಾತಿನಲ್ಲೇ, ದಿನಾಂಕ ಸಮಯದೊಂದಿಗೆ ಬರೆದಿಡಿ. ಬಟ್ಟೆ ಬದಲಿಸಿ ತೊಳೆಯಬೇಡಿ. ಪೋಷಕರಿಗೆ ತಿಳಿಸಿ, ಆರೋಪ ಮನೆಯವರ ಮೇಲೇ ಇದ್ದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಮತ್ತು ಠಾಣೆಗೆ. ಆ ದಿನವೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಪೊಲೀಸರ ಕಡೆಯ ಕರ್ತವ್ಯಗಳೂ ಶಾಲೆಗೆ ಗೊತ್ತಿರಲಿ, ಆಗ ಕೇಳಬಹುದು. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ಮತ್ತು ವಿಶೇಷ ನ್ಯಾಯಾಲಯಕ್ಕೆ ವರದಿ ಹೋಗಬೇಕು. ಮಗುವಿನ ಹೆಸರಾಗಲಿ, ಗುರುತು ಸಿಗುವ ವಿವರವಾಗಲಿ ಮಾಧ್ಯಮದಲ್ಲಿ ಬರಬಾರದು. ಶಾಲೆಯ ಹೆಸರು ಹೊರಬಿದ್ದರೂ ಮಗುವಿನ ಗುರುತು ಹೊರಬೀಳುತ್ತದೆ ಎಂಬುದನ್ನು ಸಿಬ್ಬಂದಿಗೆ ಬಿಡಿಸಿ ಹೇಳಿ.

ಸಿಸಿಟಿವಿಯ ಬಗ್ಗೆ ಒಂದು ಮಾತು. ರೆಕಾರ್ಡರ್ ತುಂಬಿದಾಗ ಹಳೆಯದರ ಮೇಲೇ ಹೊಸದು ಬರೆಯುತ್ತದೆ. ದೂರು ಬಂದ ಕೂಡಲೇ ರೆಕಾರ್ಡರಿನ ಕೋಣೆಗೆ ಬೀಗ ಹಾಕಿ, ಪೊಲೀಸರಿಗೆ ಲಿಖಿತವಾಗಿ ತಿಳಿಸಿ. ಯಂತ್ರದ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಎಷ್ಟು ನಿಮಿಷ ವ್ಯತ್ಯಾಸ ಇದೆ ಎಂದು ಆಗಲೇ ಬರೆದಿಡಿ. ಕೋರ್ಟಿನಲ್ಲಿ ಪ್ರಶ್ನೆ ಏಳುವುದು ಅಲ್ಲೇ. ದೃಶ್ಯದ ಪ್ರತಿಯನ್ನು ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರವೂ ಬೇಕು. ಮೊಬೈಲಿನಲ್ಲಿ ಪರದೆಯನ್ನು ಚಿತ್ರಿಸಿಕೊಳ್ಳಲು ಯಾರಿಗೂ ಬಿಡಬೇಡಿ.

ಮಗು ಕಾಣೆಯಾದರೆ 24 ಗಂಟೆ ಕಾಯಬೇಕು ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಅದು ತಪ್ಪು. ಕಾಣೆಯಾದ ಮಕ್ಕಳ ದೂರನ್ನು ಎಫ್‌ಐಆರ್ ಆಗಿಯೇ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಬೇರೆ ಠಾಣೆಯ ವ್ಯಾಪ್ತಿ ಎಂದು ವಾಪಸು ಕಳಿಸುವಂತೆಯೂ ಇಲ್ಲ. ಯಾವ ಠಾಣೆಯಲ್ಲಾದರೂ ಶೂನ್ಯ ಎಫ್‌ಐಆರ್, ಅಂದರೆ ವ್ಯಾಪ್ತಿ ನೋಡದೆ ದಾಖಲಿಸುವ ಎಫ್‌ಐಆರ್, ಆಗುತ್ತದೆ.

ಮೂರು ತಿಂಗಳಿಗೊಮ್ಮೆ

ಒಂದು ಗಂಟೆಯ ಸಭೆ ಸಾಕು: ಶಾಲೆಯಿಂದ ಇಬ್ಬರು, ಠಾಣೆಯಿಂದ ಇಬ್ಬರು, ಪೋಷಕರೊಬ್ಬರು. ಹಿಂದಿನ ಸಲ ಒಪ್ಪಿಕೊಂಡ ಕೆಲಸಗಳನ್ನು ಮಾತ್ರ ನೋಡಿ, ಹೊಸ ಭಾಷಣ ಬೇಡ. ಮಕ್ಕಳ ಸಲಹಾ ಪೆಟ್ಟಿಗೆಯನ್ನು ಶಾಲೆಯ ಮಕ್ಕಳ ರಕ್ಷಣಾ ಸಮಿತಿಯವರು ಜೊತೆಯಾಗಿ ತೆರೆದು ಓದಲಿ. ಒಬ್ಬರ ಕೈಯಲ್ಲೇ ಕೀಲಿ ಇದ್ದರೆ ಅವರ ಮೇಲಿನ ದೂರು ಎಂದೂ ಹೊರಬರುವುದಿಲ್ಲ. ಪೆಟ್ಟಿಗೆ ಹೆಡ್‌ಮಾಸ್ಟರ ಕೋಣೆಯ ಮುಂದೆ ಬೇಡ, ನೀರು ಕುಡಿಯುವ ಜಾಗದ ಹತ್ತಿರ ಇರಲಿ.

ಕರ್ನಾಟಕ ಪೊಲೀಸರ 'ತೆರೆದ ಮನೆ' ಕಾರ್ಯಕ್ರಮದಡಿ ಮಕ್ಕಳು ಠಾಣೆಗೆ ಹೋಗಿ ಬರಬಹುದು. ಫೋಟೊಗೆ ನಿಲ್ಲಿಸಿ ಕಳಿಸಿದರೆ ಉಪಯೋಗವಿಲ್ಲ. ದೂರು ಬರೆದುಕೊಳ್ಳುವ ಮೇಜು ಯಾವುದು, 112ಕ್ಕೆ ಕರೆ ಮಾಡಿದರೆ ಏನು ಕೇಳುತ್ತಾರೆ, ಮಹಿಳಾ ಸಿಬ್ಬಂದಿ ಎಲ್ಲಿ ಕೂರುತ್ತಾರೆ ಎಂಬುದನ್ನು ತೋರಿಸಲು ಹೇಳಿ. ಮರಳಿ ಬಂದ ಮೇಲೆ ಮಕ್ಕಳು ತಮ್ಮ ಮನೆಯ ವಿಳಾಸ ಮತ್ತು ಹತ್ತಿರದ ಗುರುತನ್ನು ಫೋನಿನಲ್ಲಿ ಹೇಳುವುದನ್ನು ತರಗತಿಯಲ್ಲೇ ಅಭ್ಯಾಸ ಮಾಡಿಸಿ. ದೊಡ್ಡವರೂ ಗಾಬರಿಯಲ್ಲಿ ಅದನ್ನೇ ಮರೆಯುತ್ತಾರೆ.

ಸಭೆ ಮುಗಿಸುವ ಮುಂಚೆ ಆ ಒಂದು ಹಾಳೆಯನ್ನು ಹೊರತೆಗೆಯಿರಿ. ಅದರಲ್ಲಿರುವ ಪ್ರತಿ ನಂಬರಿಗೂ ಅಲ್ಲೇ ಕೂತು ಫೋನ್ ಮಾಡಿ. ಎತ್ತದ ನಂಬರನ್ನು ಹೊಡೆದುಹಾಕಿ, ಹೊಸದನ್ನು ಬರೆದು, ನಾಲ್ಕೂ ಪ್ರತಿಗಳನ್ನು ಅದೇ ದಿನ ಬದಲಿಸಿ.